ಸತ್ತ ಲೇಖಕನ ಸಹಿ

ಪ್ರೂಫ್ ಹಾಳೆ ವಾಪಸು ಬಂದಾಗ ಇಬ್ಬರು ಲೇಖಕರ ಹೆಸರುಗಳಲ್ಲಿ ಎರಡನೆಯದರ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿತ್ತು. ಪಕ್ಕದ ಖಾಲಿ ಜಾಗದಲ್ಲಿ ಪ್ರಾಧ್ಯಾಪಕರ ಅಂದವಾದ ಅಕ್ಷರದಲ್ಲಿ ಒಂದೇ ಸಾಲು: ನಿಮ್ಮ ನಿಯಮದಂತೆ, ಸಹಿ ಮಾಡಲಾರದವರ ಹೆಸರನ್ನು ತೆಗೆದಿದ್ದೇನೆ.

ಆ ನಿಯಮವನ್ನು ಬರೆದವಳು ನಾನೇ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ಮೂರನೆಯ ಬ್ಲಾಕಿನಲ್ಲಿ ಒಂದು ಮನೆಯ ಮುಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು ನಮ್ಮ ವಿಜ್ಞಾನ ಸಂಘ ಕಚೇರಿ ನಡೆಸುತ್ತಿತ್ತು. ಸಂಘ ಮೂರು ತಿಂಗಳಿಗೊಮ್ಮೆ ಇಂಗ್ಲಿಷಿನಲ್ಲಿ ಸಂಶೋಧನಾ ಪತ್ರಿಕೆಯೊಂದನ್ನು ತರುತ್ತಿತ್ತು. ಸಂಪಾದಕರು ನಿವೃತ್ತ ವಿಜ್ಞಾನಿ, ಬಸವನಗುಡಿಯವರು, ವಾರಕ್ಕೆರಡು ಸಲ ಬಂದು ಹೋಗುತ್ತಿದ್ದರು. ಉಳಿದ ಕೆಲಸವೆಲ್ಲ ಸಹಾಯಕ ಸಂಪಾದಕಿಯಾದ ನನ್ನದು. ಬಂದ ಲೇಖನವನ್ನು ಇಬ್ಬರು ತಜ್ಞರಿಗೆ ಕಳಿಸುವುದು, ಅವರ ಅಭಿಪ್ರಾಯವನ್ನು ಅವರ ಹೆಸರು ಮುಚ್ಚಿಟ್ಟು ಲೇಖಕರಿಗೆ ತಿಳಿಸುವುದು, ತಿದ್ದಿದ ಪ್ರತಿಯನ್ನು ಚಾಮರಾಜಪೇಟೆಯ ಪ್ರೆಸ್ಸಿಗೆ ಒಯ್ಯುವುದು, ಪ್ರೂಫ್ ತಿದ್ದುವುದು.

ನಿಯಮ ಹುಟ್ಟಿದ್ದಕ್ಕೆ ಕಾರಣವಿತ್ತು. ಒಬ್ಬ ಡಾಕ್ಟರು ತಾವು ಕಂಡೇ ಇರದ ಲೇಖನವೊಂದರಲ್ಲಿ ತಮ್ಮ ಹೆಸರು ಅಚ್ಚಾಗಿದ್ದನ್ನು ನೋಡಿ ಕಚೇರಿಗೆ ಬಂದು ಕೂಗಾಡಿದ್ದರು. ಇನ್ನೊಂದು ಸಲ, ಪ್ರಯೋಗ ಮಾಡಿದವನ ಹೆಸರೇ ಪ್ರೂಫಿನ ಹಂತದಲ್ಲಿ ಮಾಯವಾಗಿತ್ತು. ಹಾಗಾಗಿ ಎಲ್ಲ ಲೇಖಕರೂ ಪ್ರೂಫಿನ ಮೊದಲ ಹಾಳೆಯ ಮೇಲೆ ಸಹಿ ಮಾಡಬೇಕು, ಮಾಡದೆ ಪುಟ ಕಟ್ಟುವುದಿಲ್ಲ ಎಂದು ನಾನು ಬರೆದುಕೊಟ್ಟೆ. ಸಂಪಾದಕರು ಅದನ್ನು ಪತ್ರಿಕೆಯ ಹಿಂದಿನ ರಕ್ಷಾಪುಟದಲ್ಲಿ ಅಚ್ಚು ಹಾಕಿಸಿದರು. ಯಾರ ಹೆಸರನ್ನೂ ಯಾರೂ ಕದಿಯದಿರಲಿ ಎಂದು ಮಾಡಿದ್ದು ಅದು. ಲೇಖಕ ಸತ್ತರೆ ಏನು ಎಂಬ ಯೋಚನೆ ಯಾರಿಗೂ ಬಂದಿರಲಿಲ್ಲ.

ಸತ್ತವನು ಜರಗನಹಳ್ಳಿಯ ಹುಡುಗ. ಭೂವಿಜ್ಞಾನದ ಸಂಶೋಧನಾ ವಿದ್ಯಾರ್ಥಿ. ನಾನು ಅವನನ್ನು ನೋಡಿದ್ದು ಒಂದೇ ಸಲ. ಅವನೂ ಅವನ ಮಾರ್ಗದರ್ಶಕ ಪ್ರಾಧ್ಯಾಪಕರೂ ಕೂಡಿ ಬರೆದ ಲೇಖನ ನಮಗೆ ಬಂದು, ತಜ್ಞರ ಅಭಿಪ್ರಾಯವೂ ಬಂದಿತ್ತು. ಒಬ್ಬ ತಜ್ಞರು ಮೆಚ್ಚಿದ್ದರು. ಇನ್ನೊಬ್ಬರು, ಮಳೆಯ ಅಂಕಿಗಳನ್ನೂ ಜೊತೆಗಿಟ್ಟು ಹೋಲಿಸಿ ಎಂದಿದ್ದರು. ಆ ಪತ್ರ ಒಯ್ಯಲು ಹುಡುಗ ತಾನೇ ಸೈಕಲ್ ಮೇಲೆ ಬಂದ. ಉದ್ದನೆಯ ಆಳು, ತೋಳು ಮಡಚಿದ ಬಿಳಿ ಅಂಗಿ. ಕುರ್ಚಿ ಎಳೆದುಕೊಟ್ಟರೂ ಕೂರದೆ ಗೋಡೆಗೆ ಒರಗಿ ನಿಂತ.

"ಬಾವಿ ಅಳೆಯೋಕೆ ಹೋದ್ರೆ ಜನ ಏನಂತಾರೆ?" ಎಂದು ಕೇಳಿದೆ.

"ಮೊದಮೊದಲು ಕಂದಾಯದೋನು ಅಂದ್ಕೊಂಡು ನಾಯಿ ಬಿಡೋರು ಮೇಡಂ," ಎಂದು ನಕ್ಕ. "ಆಮೇಲೆ ನಮ್ಮಪ್ಪನ ಹೆಸರು ಹೇಳಿದ್ ಮೇಲೆ ಮಜ್ಜಿಗೆ ಕೊಡೋಕೆ ಶುರು ಮಾಡಿದ್ರು."

ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ, ಹಗ್ಗಕ್ಕೆ ಸೀಮೆಸುಣ್ಣ ಬಳಿದು ಇಳಿಬಿಡುತ್ತಿದ್ದನಂತೆ. ಸುಣ್ಣ ಎಲ್ಲಿವರೆಗೆ ಒದ್ದೆಯಾಗಿದೆ ಎಂದು ನೋಡಿದರೆ ನೀರಿನ ಮಟ್ಟ ಸರಿಯಾಗಿ ಸಿಗುತ್ತದೆ. ಬೆಳಿಗ್ಗೆ ಯಾರೂ ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುವ ಮೊದಲೇ ಅಳೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಅವನ ಲೇಖನದ ಮುಖ್ಯ ಮಾತು ಸರಳವಾಗಿತ್ತು. ಆ ಕಡೆಯ ಒಂದು ಸಣ್ಣ ಕೆರೆಯ ಏರಿಯನ್ನು ಹೊಸ ಬಡಾವಣೆಗಾಗಿ ಒಡೆದಿದ್ದರು. ಏರಿಯ ಕೆಳಗಿನ ಬಾವಿಗಳನ್ನೂ, ಕೆರೆಗೆ ದೂರದ ದಿಣ್ಣೆಯ ಬಾವಿಗಳನ್ನೂ ಅವನು ಏರಿ ಒಡೆಯುವ ಮೊದಲಿನಿಂದಲೂ ಅಳೆಯುತ್ತಿದ್ದ. ಒಡೆದ ಮೇಲೆ ಕೆಳಗಿನ ಬಾವಿಗಳ ನೀರು ಕುಸಿಯಿತು, ದಿಣ್ಣೆಯ ಬಾವಿಗಳದು ಹಾಗೇ ಇತ್ತು. ಬಿದ್ದ ಮಳೆ ಎರಡಕ್ಕೂ ಒಂದೇ.

"ಮಳೆ ಲೆಕ್ಕ ಸೇರಿಸಿದ್ರೆ ನಮ್ ಮಾತು ಇನ್ನೂ ಗಟ್ಟಿ ಆಗುತ್ತೆ. ಒಳ್ಳೇ ಪ್ರಶ್ನೆ ಕೇಳಿದಾರೆ," ಎಂದು ಹೇಳಿ ಹೋದ.

ಆಮೇಲೆ ಬಹಳ ಕಾಲ ಏನೂ ಬರಲಿಲ್ಲ. ಕೊನೆಗೆ ತಿದ್ದಿದ ಪ್ರತಿಯ ಜೊತೆ ಪ್ರಾಧ್ಯಾಪಕರ ಪತ್ರ ಬಂತು. ಸಹಲೇಖಕ ಕಾಮಾಲೆಯಿಂದ ತೀರಿಕೊಂಡದ್ದರಿಂದ ತಡವಾಯಿತು, ಕ್ಷಮಿಸಿ ಎಂದಿತ್ತು. ಪ್ರತಿಯ ಮೇಲೆ ಇಬ್ಬರ ಹೆಸರೂ ಹಾಗೇ ಇತ್ತು. ಮಳೆಯ ಅಂಕಿ ಕೇಳಿದ್ದ ತಜ್ಞರಿಗೆ ಅದನ್ನು ಕಳಿಸಿದೆ. ಕೇಳಿದ್ದು ಸೇರಿದೆ, ಅಚ್ಚು ಮಾಡಬಹುದು ಎಂದರು. ಹಳೆಯ ಪ್ರತಿಯ ಜೊತೆ ಹೋಲಿಸದೆಯೇ ಪ್ರೆಸ್ಸಿಗೆ ಕೊಟ್ಟೆ. ಅಚ್ಚಿನ ಮೊಳೆ ಜೋಡಿಸಿ ತೆಗೆದ ಪ್ರೂಫನ್ನು ಪ್ರಾಧ್ಯಾಪಕರಿಗೆ ಕಳಿಸಿದೆ. ವಾಪಸು ಬಂದದ್ದು ಆ ಕೆಂಪು ಗೆರೆ.

ಸಂಪಾದಕರು ಬಂದಾಗ ಹಾಳೆ ಮುಂದಿಟ್ಟೆ.

"ನಿಯಮ ಅಂದ್ರೆ ನಿಯಮ ತಾನೇನಮ್ಮಾ," ಎಂದರು. "ಸತ್ತವರ ಹತ್ರ ಸಹಿ ಹೇಗೆ ಹಾಕಿಸ್ತೀಯ?"

"ಹೆಸರಿನ ಪಕ್ಕ ಒಂದು ಗುರುತು ಹಾಕಿ, ಕೆಳಗೆ 'ನಿಧನರಾದರು' ಅಂತ ಬರೆದ್ರೆ ಆಯ್ತಲ್ಲ ಸಾರ್. ಹೊರದೇಶದ ಪತ್ರಿಕೆಗಳು ಹಾಗೇ ಮಾಡ್ತವೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಮಾಡು. ಪ್ರಾಧ್ಯಾಪಕರಿಗೂ ಒಂದು ಮಾತು ಬರೆದು ತಿಳಿಸು."

ಅಲ್ಲಿಗೇ ಮುಗಿದಿದ್ದರೆ ಈ ಕತೆ ಬರೆಯುವ ಅಗತ್ಯವಿರುತ್ತಿರಲಿಲ್ಲ. ಅಡಿಟಿಪ್ಪಣಿಗೆ ಒಂದು ಸಾಲು ಬೇಕಲ್ಲ, ಹುಡುಗ ಮಾಡಿದ ಕೆಲಸವನ್ನು ಅವನ ಮಾತಿನಲ್ಲೇ ಹೇಳೋಣ ಎಂದು ಮೊದಲ ಪ್ರತಿಯನ್ನು ಕಪಾಟಿನಿಂದ ತೆಗೆದೆ. ಪಕ್ಕದಲ್ಲಿ ಪ್ರೂಫ್ ಇಟ್ಟುಕೊಂಡು ಓದತೊಡಗಿದೆ. ಅಂಕಿಗಳೆಲ್ಲ ಅವೇ. ಆದರೆ ಹೊಸ ಪ್ರತಿಯಲ್ಲಿ ಏರಿಯ ಕೆಳಗಿನ ಬಾವಿ, ದಿಣ್ಣೆಯ ಬಾವಿ ಎಂಬ ಎರಡು ಗುಂಪುಗಳೇ ಇರಲಿಲ್ಲ. ಎಲ್ಲ ಬಾವಿಗಳನ್ನೂ ಒಟ್ಟು ಸೇರಿಸಿ ಸರಾಸರಿ ತೆಗೆದಿತ್ತು. ಸರಾಸರಿಯಲ್ಲಿ ಬಾವಿಗಳು ಅಷ್ಟಿಷ್ಟು ಇಳಿದಿದ್ದವು, ಆ ವರ್ಷಗಳಲ್ಲಿ ಮಳೆಯೂ ಅಷ್ಟಿಷ್ಟು ಕಡಿಮೆ. ಕೊನೆಯ ಪ್ಯಾರಾದಲ್ಲಿ ತೀರ್ಮಾನ: ಈ ಪ್ರದೇಶದ ಬಾವಿಗಳು ಸಹಜವಾಗಿಯೇ ಬತ್ತುತ್ತಿವೆ, ಕೆರೆಗೂ ಅದಕ್ಕೂ ಸಂಬಂಧ ಕಾಣುವುದಿಲ್ಲ.

ಹುಡುಗ ಹೇಳಿದ್ದಕ್ಕೆ ಪೂರಾ ತಿರುಗುಮುರುಗು.

ಹೆಸರು ತೆಗೆದರೆ ಅವನು ಊರೂರು ಅಲೆದು ಅಳೆದದ್ದೆಲ್ಲ ಇನ್ನೊಬ್ಬರ ಪಾಲಾಗುತ್ತದೆ. ಹೆಸರು ಉಳಿಸಿದರೆ ಅವನು ಒಪ್ಪದ ಮಾತನ್ನು ಸತ್ತ ಮೇಲೆ ಅವನ ಬಾಯಲ್ಲಿ ಆಡಿಸಿದ ಹಾಗೆ.

ಪ್ರಾಧ್ಯಾಪಕರ ಮನೆ ಜಯನಗರದಲ್ಲೇ, ಹೊಸದಾಗಿ ಕಟ್ಟಿಸಿದ್ದು. ಗೇಟಿನೊಳಗೆ ನೆಟ್ಟ ಗಿಡಗಳು ಇನ್ನೂ ಮಂಡಿಯೆತ್ತರ ಇದ್ದವು. ಕಾಫಿ ತರಿಸಿದರು. ಒಳ್ಳೆಯ ಮಾತುಗಾರರು, ಸಿಟ್ಟು ಮಾಡಿಕೊಳ್ಳುವವರಲ್ಲ. ಬಡಾವಣೆ ಮಾಡುತ್ತಿದ್ದ ಮಂಡಳಿಗೆ ನೀರಿನ ವಿಷಯದಲ್ಲಿ ಸಲಹೆಗಾರರಾಗಿದ್ದರು. ಅದನ್ನು ಅವರೇನೂ ಮುಚ್ಚಿಡಲಿಲ್ಲ, ಮಾತಿನ ನಡುವೆ ಅವರೇ ಹೇಳಿದರು.

"ಎರಡು ಗುಂಪು ಯಾಕೆ ತೆಗೆದ್ರಿ ಸಾರ್?"

"ಗುಂಪಿನಲ್ಲಿ ಬಾವಿಗಳು ಕಮ್ಮಿ. ಅಷ್ಟರ ಮೇಲೆ ಒಂದು ಸಿದ್ಧಾಂತ ನಿಲ್ಲಿಸೋಕಾಗಲ್ಲ. ಹುಡುಗನಿಗೆ ಅದು ತಿಳೀಲಿಲ್ಲ, ಬದುಕಿದ್ರೆ ತಿಳ್ಕೊಳ್ತಿದ್ದ."

"ಮೊದಲ ಪ್ರತಿಗೆ ನೀವೂ ಸಹಿ ಮಾಡಿದ್ರಲ್ಲ?"

ಅವರು ಕಪ್ಪನ್ನು ಬಸಿಯ ಮೇಲೆ ಇಟ್ಟರು. "ನೋಡೀಮ್ಮ, ಆ ಹುಡುಗನಿಗೆ ಸ್ಕಾಲರ್‌ಶಿಪ್ ಕೊಡಿಸಿದವನು ನಾನು. ವಿಷಯ ಕೊಟ್ಟವನು ನಾನು. ಹಗ್ಗ ಇಳಿಬಿಟ್ಟವರೆಲ್ಲ ಲೇಖಕರಾಗಲ್ಲ. ಆದ್ರೂ ಕೊನೇಲಿ ಕೃತಜ್ಞತೆ ಅಂತ ಒಂದು ಸಾಲು ಹಾಕೋಣ, ನನಗೇನೂ ಅಭ್ಯಂತರ ಇಲ್ಲ."

ಅವರ ವಾದಕ್ಕೆ ಎದುರು ವಾದ ಹೂಡುವಷ್ಟು ಭೂವಿಜ್ಞಾನ ನನಗೆ ಗೊತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಕಾಫಿ ಕುಡಿದು ಎದ್ದುಬಂದೆ.

ಮುಂದಿನ ಭಾನುವಾರ ಕನಕಪುರ ರಸ್ತೆಯ ಬಸ್ಸು ಹಿಡಿದು ಜರಗನಹಳ್ಳಿಗೆ ಹೋದೆ. ಹುಡುಗನ ತಂದೆ ಬದನೆಗಿಡಗಳ ನಡುವೆ ಕಳೆ ಕೀಳುತ್ತಿದ್ದರು. ಮಗನ ಪತ್ರಿಕೆಯವಳು ಎಂದು ಹೇಳಿದ್ದೇ ತಡ, ಕೈಯ ಮಣ್ಣು ಪಂಚೆಗೆ ಒರೆಸಿಕೊಂಡು ಮನೆಗೆ ಕರೆದೊಯ್ದರು. ತಾಯಿ ಚಾಪೆ ಹಾಸಿ, ಚೊಂಬಿನಲ್ಲಿ ನೀರು ತಂದಿಟ್ಟು, ಬಾಗಿಲ ಹತ್ತಿರ ಕುಳಿತರು.

"ಅಚ್ಚಾಯ್ತಾ ತಾಯಿ?" ಅದೇ ಆ ತಾಯಿಯ ಮೊದಲ ಮಾತು.

ಇನ್ನೂ ಇಲ್ಲ ಎಂದೆ. ಇರುವ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಹೆಸರು ಹೊಡೆದುಹಾಕಿದ್ದನ್ನು ಹೇಳಿದೆ, ಮಾತು ಬದಲಾಯಿಸಿದ್ದನ್ನೂ ಹೇಳಿದೆ.

ತಂದೆ ನನ್ನನ್ನು ಹಿತ್ತಲ ಆಚೆಗಿನ ಬಾವಿಯ ಹತ್ತಿರ ಕರೆದೊಯ್ದರು. ಕಲ್ಲು ಕಟ್ಟಡದ ದೊಡ್ಡ ಬಾವಿ. ಒಳಗಿನ ಗೋಡೆಯಲ್ಲಿ ಹಳೆಯ ನೀರಿನ ಪಾಚಿ ಕಪ್ಪಗೆ ಒಣಗಿತ್ತು, ನೀರು ಅದಕ್ಕಿಂತ ಎಷ್ಟೋ ಕೆಳಗೆ.

"ಏರಿ ಒಡೆಯೋಕೆ ಮುಂಚೆ ಬಗ್ಗಿ ಬಿಂದಿಗೇಲಿ ಎತ್ತಬೋದಾಗಿತ್ತು ಕಣಮ್ಮ. ನನ್ ಮಗ ಮೊದ್ಲು ಅಳೆದಿದ್ದೇ ಇದನ್ನ. ಕೆರೆ ಹೋದ್ರೆ ಬಾವಿ ಹೋಯ್ತದೆ ಅಂತ ನಂಗೆ ಹೇಳ್ತಾನೇ ಇದ್ದ. ಈಗ ಅವ್ನ ಹೆಸರು ಹಾಕಿ ಅವ್ನು ಹೇಳ್ದೆ ಇದ್ದುದ್ದ ಹೇಳಿಸ್ಬ್ಯಾಡಿ."

ಹಿಂದಿನಿಂದ ಬಂದಿದ್ದ ತಾಯಿ ಅಲ್ಲೇ ನಿಂತಿದ್ದರು. "ಹೆಸರು ಬ್ಯಾಡ ಅನ್ಬೇಡ ನೀನು," ಎಂದು ಗಂಡನಿಗೆ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹೆಸರು ಬರ್ಲಿ ತಾಯಿ. ಅವ್ನು ಇದ್ದ ಅಂತ ಎಲ್ಲಾದ್ರೂ ಇರ್ಲಿ," ಎಂದರು.

ಇಬ್ಬರ ಮಾತೂ ನ್ಯಾಯವಾದದ್ದೇ. ಎರಡನ್ನೂ ಒಟ್ಟಿಗೆ ನಡೆಸುವ ದಾರಿ ಕಾಣದೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಒಂದು ಉಪಾಯ ಹೊಳೆಯಿತು. ಲೇಖನವನ್ನು ಎರಡಾಗಿ ಒಡೆದರೆ? ಅಳತೆಯ ಕೋಷ್ಟಕಗಳು, ಅಳೆದ ವಿಧಾನ, ಇವಿಷ್ಟು ಹುಡುಗನೊಬ್ಬನ ಹೆಸರಿನಲ್ಲಿ ಒಂದು ಸ್ವತಂತ್ರ ಟಿಪ್ಪಣಿಯಾಗಲಿ. ಅದರ ಹಿಂದೆಯೇ ಪ್ರಾಧ್ಯಾಪಕರ ಲೇಖನ, ಅವರ ತೀರ್ಮಾನದೊಂದಿಗೆ, ಅವರ ಹೆಸರಿನಲ್ಲಿ. ಅಂಕಿ ಯಾರದು, ಮಾತು ಯಾರದು ಎಂಬುದು ಅಲ್ಲಿಗೆ ಸ್ಪಷ್ಟ.

ಸಂಪಾದಕರು ಒಪ್ಪಲು ಎರಡು ವಾರ ತೆಗೆದುಕೊಂಡರು. ಪ್ರಾಧ್ಯಾಪಕರು ಒಂದು ಷರತ್ತು ಹಾಕಿದರು: ಟಿಪ್ಪಣಿಯಲ್ಲಿ ಬರೀ ಅಳತೆ ಇರಬೇಕು, ಕಾರಣದ ಬಗ್ಗೆ ಒಂದಕ್ಷರವೂ ಕೂಡದು. ಇದ್ದರೆ ತಮ್ಮ ಲೇಖನ ಹಿಂದಕ್ಕೆ ಪಡೆಯುವುದಾಗಿ ಹೇಳಿದರು, ಅಂಕಿಗಳೂ ತಮ್ಮ ವಿಭಾಗದವು, ಅವೂ ಹಿಂದಕ್ಕೆ. ಸಂಪಾದಕರು, "ಬಂದಷ್ಟು ಬರಲಿ ಬಿಡಮ್ಮ," ಎಂದರು. ನಾನು ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಕೋಷ್ಟಕದಲ್ಲಿ ಏರಿಯ ಕೆಳಗಿನ ಬಾವಿಗಳೂ ದಿಣ್ಣೆಯ ಬಾವಿಗಳೂ ಮೊದಲ ಪ್ರತಿಯಲ್ಲಿದ್ದಂತೆ ಬೇರೆ ಬೇರೆಯಾಗಿಯೇ ಇರಬೇಕು. ಅದು ಅಳತೆ ತಾನೆ, ಅಭಿಪ್ರಾಯವಲ್ಲವಲ್ಲ. ಒಪ್ಪಿಗೆ ಸಿಕ್ಕಿತು. ಕಣ್ಣಿದ್ದವರು ಎರಡು ಕೋಷ್ಟಕ ಪಕ್ಕಪಕ್ಕ ನೋಡಿದರೆ ಸಾಕು, ಹುಡುಗ ಹೇಳಬೇಕೆಂದಿದ್ದು ತಾನಾಗಿ ಕಾಣುತ್ತದೆ ಎಂದುಕೊಂಡೆ.

ಪ್ರೆಸ್ಸಿನಲ್ಲಿ ಜೋಡಿಸಿಟ್ಟ ಮೊಳೆಯನ್ನೆಲ್ಲ ಬಿಚ್ಚಬೇಕಾಯಿತು. ಕೋಷ್ಟಕವೆಂದರೆ ಮೊಳೆ ಜೋಡಿಸುವವರಿಗೆ ಶತ್ರು. ಒಂದೊಂದು ಅಂಕಿ, ಒಂದೊಂದು ಹಿತ್ತಾಳೆ ಗೆರೆ, ನಡುವೆ ಖಾಲಿ ಜಾಗಕ್ಕೆ ಸೀಸದ ತುಂಡು. ಒಂದು ಅಲುಗಿದರೆ ಇಡೀ ಪುಟ ಓರೆಯಾಗುತ್ತದೆ. ಫೋರ್‌ಮನ್ ಗೊಣಗಿದರು. "ಒಂದ್ಸಲ ಕಟ್ಟಿದ್ ಪುಟಾನ ಯಾರಾದ್ರೂ ಹಿಂಗೆ ಬಿಚ್ಚಿಸ್ತಾರಾ ಮೇಡಂ?" ನಾನು ಪುಟ ಕಟ್ಟುವ ಕಲ್ಲುಮೇಜಿನ ಪಕ್ಕದಲ್ಲಿ ನಿಂತು ಮೊದಲ ಪ್ರತಿಯಿಂದ ಅಂಕಿಗಳನ್ನು ಗಟ್ಟಿಯಾಗಿ ಓದಿದೆ, ಅವರು ಮೊಳೆ ಇಟ್ಟರು. ರೇಖಾಚಿತ್ರ ಮುದ್ರಿಸುವ ಬ್ಲಾಕನ್ನೂ ಹೊಸದಾಗಿ ಮಾಡಿಸಿದೆವು.

ಸಹಿಯ ಪ್ರಶ್ನೆ ಉಳಿದಿತ್ತು. ಲೇಖಕ ತೀರಿಕೊಂಡಿದ್ದಲ್ಲಿ ತಂದೆತಾಯಿಯ ಅಥವಾ ವಾರಸುದಾರರ ಸಹಿ ಸಾಕು ಎಂದು ನಿಯಮಕ್ಕೆ ಒಂದು ವಾಕ್ಯ ಸೇರಿಸಿ ಸಂಪಾದಕರ ಒಪ್ಪಿಗೆ ಪಡೆದೆ. ಪ್ರೂಫ್ ಹಿಡಿದು ಮತ್ತೆ ಜರಗನಹಳ್ಳಿಗೆ ಹೋದೆ. ತಂದೆ ಮುಖ ತೊಳೆದು, ಬೇರೆ ಅಂಗಿ ಹಾಕಿಕೊಂಡು ಬಂದು ಕುಳಿತರು. ಇಂಗ್ಲಿಷ್ ಓದಲು ಬಾರದು. ಮಗನ ಹೆಸರು ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು ನೋಡಿ, ಕೆಳಗೆ ಕನ್ನಡದಲ್ಲಿ ತಮ್ಮ ಹೆಸರು ಬರೆದರು. ತಾಯಿ ಮಾತ್ರ ಒಳಗೆ ಹೋಗಿಬಿಟ್ಟರು.

ಸಂಚಿಕೆ ಹೊರಬಂತು. ಟಿಪ್ಪಣಿಯನ್ನಷ್ಟೇ ಬೇರೆಯಾಗಿ ಅಚ್ಚು ಹಾಕಿಸಿದ ಬಿಡಿಪ್ರತಿಗಳ ಕಟ್ಟನ್ನು ನಾನೇ ಒಯ್ದು ಕೊಟ್ಟೆ. ನಾಲ್ಕೂರಿನ ನೆಂಟರಿಗೆ ಹಂಚಿದರಂತೆ. ನನಗೂ ಗೆದ್ದ ಹೆಮ್ಮೆ. ಆದರೆ ಹೊರದೇಶದಲ್ಲಿ ಸಂಶೋಧನೆಗಳ ಸಾರಸಂಗ್ರಹ ಮಾಡುವವರು ಲೇಖನಗಳನ್ನಷ್ಟೇ ಆರಿಸುತ್ತಿದ್ದರು, ಟಿಪ್ಪಣಿಗಳನ್ನು ಬಿಡುತ್ತಿದ್ದರು. ಪ್ರಾಧ್ಯಾಪಕರ ಲೇಖನದ ಬಿಡಿಪ್ರತಿ ಕೇಳಿ ಅಲ್ಲಿಂದಿಲ್ಲಿಂದ ಕಾರ್ಡುಗಳು ಬಂದವು. ಹುಡುಗನ ಟಿಪ್ಪಣಿಯನ್ನು ಯಾರೂ ಕೇಳಲಿಲ್ಲ. ಎರಡು ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ನನಗೆ ತಿಳಿದಂತೆ ಯಾರೂ ಇಲ್ಲ.

ಮುಂದಿನ ವರ್ಷ ಬೇಸಿಗೆಯಲ್ಲಿ ಹುಡುಗನ ತಂದೆ ಕಚೇರಿಗೆ ಬಂದರು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟಿದ್ದರು. ಅವರ ಹೊಲ ಬಡಾವಣೆಗೆ ಹೋಗುವುದೆಂದು ನೋಟೀಸು ಬಂದಿತ್ತು. ಅದು ಅವರಿಗೆ ಗೊತ್ತಿದ್ದದ್ದೇ. ಸುತ್ತಲಿನ ಎಲ್ಲರದೂ ಹೋಗುತ್ತಿತ್ತು.

"ಹೋಗ್ಲಿ ಕಣಮ್ಮ, ಅದ್ಕಲ್ಲ ನಾನು ಬಂದಿದ್ದು," ಎಂದರು. "ನಮ್ದು ಬಾವಿ ನೀರಿನ ತೋಟ. ಅವ್ರು ಖುಷ್ಕಿ ಅಂತ ಬರ್ಕೊಂಡವ್ರೆ. ಖುಷ್ಕಿ ಅಂದ್ರೆ ಗೊತ್ತಲ್ಲ, ಮಳೆ ನಂಬ್ಕೊಂಡಿರೋ ಒಣ ಭೂಮಿ, ಅದಕ್ಕೆ ಪರಿಹಾರದ ದುಡ್ಡು ಬಲು ಕಮ್ಮಿ. ಯಾಕೆ ಅಂತ ಕೇಳಿದ್ರೆ, ಈ ಕಡೆ ಬಾವಿಗಳು ಮೊದ್ಲಿಂದ್ಲೂ ಬತ್ತೋವೇ, ಪುಸ್ತಕದಲ್ಲಿ ಅಚ್ಚಾಗೈತೆ ಅಂತಾರೆ. ಅಳೆದೋನು ನಿನ್ ಮಗಾನೇ ಅಲ್ವಾ ಅಂತಾನೂ ಅಂದ್ರು."

ಭೂಸ್ವಾಧೀನದ ಆಫೀಸಿನವರು ಪ್ರಾಧ್ಯಾಪಕರ ಲೇಖನವನ್ನು ಕಡತಕ್ಕೆ ಸೇರಿಸಿದ್ದರು. ತಂದೆ ಮಗನ ಟಿಪ್ಪಣಿಯ ಪ್ರತಿಯನ್ನು ಒಬ್ಬ ವಕೀಲರಿಗೆ ತೋರಿಸಿದ್ದರಂತೆ. ವಕೀಲರು ತಿರುವಿ ನೋಡಿ, ಇದರಲ್ಲಿ ಬರೀ ಅಂಕಿ ಇವೆ, ಕೆರೆ ಒಡೆದದ್ದಕ್ಕೇ ಬಾವಿ ಹೋಯಿತು ಎಂದು ಎಲ್ಲೂ ಹೇಳಿಲ್ಲ, ಅದು ಇದ್ದಿದ್ದರೆ ವಾದಿಸಬಹುದಿತ್ತು ಎಂದರಂತೆ.

ಅದು ಇತ್ತು. ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಮೊದಲ ಪ್ರತಿ, ಟೈಪು ಮಾಡಿದ್ದು, ಇಬ್ಬರ ಸಹಿಯೊಂದಿಗೆ.

ಸಂಪಾದಕರನ್ನು ಕೇಳಿದೆ. ಅವರು ತಲೆಯಾಡಿಸಿದರು.

"ಪ್ರಕಟವಾಗದ ಹಸ್ತಪ್ರತಿ ಲೇಖಕರ ಆಸ್ತಿ. ಅವರ ಒಪ್ಪಿಗೆ ಇಲ್ದೆ ಹೊರಗೆ ಕೊಡೋ ಹಾಗಿಲ್ಲ. ಇಬ್ಬರು ಲೇಖಕರಲ್ಲಿ ಬದುಕಿರೋರು ಒಬ್ಬರೇ. ಹೋಗಿ ಅವರನ್ನೇ ಕೇಳಮ್ಮ."

"ತಂದೆ ಸಹಿ ಸಾಕು ಅಂತ ನಾವೇ ನಿಯಮ ಮಾಡಿದ್ವಲ್ಲ ಸಾರ್?"

"ಅದು ಅಚ್ಚಿಗೆ. ಇದು ಕೋರ್ಟು ಕಚೇರಿ. ಸಂಘಾನ ಇದರಲ್ಲಿ ಎಳೀಬೇಡ."

ಪ್ರಾಧ್ಯಾಪಕರನ್ನು ಕೇಳಲು ನಾನು ಹೋಗಲಿಲ್ಲ. ಹಸ್ತಪ್ರತಿಯನ್ನು ಚೀಲದಲ್ಲಿಟ್ಟುಕೊಂಡು, ಪರಿಹಾರದ ವಿಚಾರಣೆಯ ದಿನ ತಂದೆಯ ಜೊತೆ ಭೂಸ್ವಾಧೀನದ ಕಚೇರಿಗೆ ಹೋದೆ. ಬೆಂಚಿನ ಮೇಲೆ ನಮ್ಮಂಥವರ ಸಾಲೇ ಇತ್ತು. ನಮ್ಮ ಸರದಿ ಬಂದಾಗ ಊಟದ ಹೊತ್ತು ಸಮೀಪಿಸಿತ್ತು. ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದಲೇ ಮಾತಾಡಿಸಿದರು. ಹಾಳೆಗಳನ್ನು ತಿರುವಿದರು. ಎರಡು ಗುಂಪಿನ ಬಾವಿಗಳ ವಿಷಯ ನಾನು ವಿವರಿಸಿದೆ. ಅವರಿಗೆ ಅರ್ಥವಾಯಿತೆಂದೇ ಇವತ್ತಿಗೂ ನನ್ನ ನಂಬಿಕೆ.

"ಇದು ಅಚ್ಚಾಗಿದೆಯೇನಮ್ಮ?" ಎಂದು ಕೇಳಿದರು.

"ಇಲ್ಲ. ಅಚ್ಚಾದದ್ದು ಬೇರೆ."

"ಅಂದ್ರೆ, ಇದನ್ನ ಬರೆದ ಪ್ರಾಧ್ಯಾಪಕರೇ ಆಮೇಲೆ ಇದು ಸರಿಯಿಲ್ಲ ಅಂತ ತಿದ್ದಿ, ಸರಿಯಾದದ್ದನ್ನ ಅಚ್ಚು ಹಾಕಿಸಿದಾರೆ. ಅಲ್ವಾ?"

"ತಿದ್ದುವಾಗ ಇನ್ನೊಬ್ಬ ಲೇಖಕ ಬದುಕಿರಲಿಲ್ಲ ಸಾರ್."

"ಅದು ನಿಮ್ಮ ಪತ್ರಿಕೆಯ ವಿಚಾರ. ತಜ್ಞರು ನೋಡಿ ಒಪ್ಪಿದ್ದು, ನೀವೇ ಪ್ರಕಟಿಸಿದ್ದು ಕಡತದಲ್ಲಿದೆ. ಅದನ್ನ ಬಿಟ್ಟು, ನೀವೇ ಪ್ರಕಟಿಸದೆ ಬಿಟ್ಟದ್ದನ್ನ ನಾನು ಹೇಗೆ ತಗೊಳ್ಳಲಿ?"

ಅವರು ಹಾಳೆಗಳನ್ನು ಜೋಡಿಸಿ, ಅಂಚು ಸರಿಮಾಡಿ, ಎರಡೂ ಕೈಯಿಂದ ನನಗೆ ವಾಪಸು ಕೊಟ್ಟರು. ಜಮೀನು ಖುಷ್ಕಿ ಎಂದೇ ಆಯಿತು.

ನಾನು ಹಸ್ತಪ್ರತಿ ಹೊರಗೊಯ್ದ ಸುದ್ದಿ ಪ್ರಾಧ್ಯಾಪಕರ ಮೂಲಕ ಸಂಘಕ್ಕೆ ಮುಟ್ಟಿತು. ಸಂಪಾದಕರು ಬೈಯಲಿಲ್ಲ. ಸಮಿತಿಯವರಿಗೆ ಉತ್ತರ ಹೇಳಬೇಕು, ನೀನೇ ಬಿಟ್ಟರೆ ಒಳ್ಳೆಯದು ಎಂದರು. ರಾಜೀನಾಮೆ ಕೊಟ್ಟೆ. ಬನಶಂಕರಿಯ ಕಡೆ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು.

ಕೆಲಸಕ್ಕೆ ಸೇರುವ ಮುಂಚೆ ಒಮ್ಮೆ ಜರಗನಹಳ್ಳಿಗೆ ಹೋದೆ. ವಕೀಲರು ಮೇಲಿನ ಕೋರ್ಟಿಗೆ ಹೋಗೋಣ ಎನ್ನುತ್ತಿದ್ದಾರೆಯೇ, ನಾನು ಸಾಕ್ಷಿ ಹೇಳಬಹುದೇ ಎಂದು ಕೇಳುವ ಮನಸ್ಸಿತ್ತು. ಬದನೆಗಿಡಗಳಿದ್ದ ಜಾಗದಲ್ಲಿ ಸರ್ವೆಯವರು ನೆಟ್ಟ ಗೂಟಗಳಿದ್ದವು. ತಾಯಿ ನನ್ನನ್ನು ಕಂಡು ಸರಸರನೆ ಚಾಪೆ ಹಾಸಿದರು, ಒಲೆಯ ಮೇಲೆ ಹಾಲಿಟ್ಟರು. ತಂದೆ ಅಷ್ಟರಲ್ಲಿ ನನ್ನನ್ನು ಅಂಗಳದಿಂದಾಚೆ ಬೀದಿಗೆ ಕರೆದುಕೊಂಡು ಬಂದರು. ದನಿ ತಗ್ಗಿಸಿ ಹೇಳಿದರು:

"ತಪ್ಪು ತಿಳ್ಕೋಬ್ಯಾಡಿ ಕಣಮ್ಮ. ನಿಮ್ ಮೇಲೆ ನಂಗೇನೂ ಇಲ್ಲ. ಆದ್ರೆ ಇನ್ಮೇಲೆ ಬರ್ಬ್ಯಾಡಿ. ನೀವು ಬಂದಾಗೆಲ್ಲ ಇವ್ಳು ಏನೋ ಒಂದು ಆಯ್ತದೆ ಅಂದ್ಕೋತಾಳೆ. ನೀವು ಹೋದ್ಮೇಲೆ ನಾಕು ದಿನ ಊಟ ಮಾಡಲ್ಲ."

ಒಳಗಿನಿಂದ ತಾಯಿ, ಹಾಲು ಕಾದಿದೆ, ಬನ್ನಿ ಎಂದು ಕರೆದರು. ತಂದೆ, "ಅವ್ರಿಗೆ ಬಸ್ಸಿಗೆ ಹೊತ್ತಾಯ್ತಂತೆ," ಎಂದು ಕೂಗಿ ಹೇಳಿದರು. ನಾನು ರಸ್ತೆಯ ಕಡೆಗೆ ನಡೆದೆ.